ಬಿಸಿಲಿನ ಅಳತೆ ಯಾರ ಕೈಯಲ್ಲಿದೆ?

(ದಾವಣಗೆರೆಯಲ್ಲಿ ಸೇರಿದ್ದ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ನಮ್ಮ ಪಕ್ಷದ ಸಂಘಟಕರು ಮಾಡಿದ ಭಾಷಣ)



ಈ ಸಭೆಯನ್ನು ಸಂಜೆ ಏಳು ಗಂಟೆಗೆ ಇಟ್ಟುಕೊಂಡಿದ್ದೇವೆ. ನಾಲ್ಕು ಗಂಟೆಗೆ ಇಡೋಣವೆಂದು ಮೊದಲು ಮಾತಾಗಿತ್ತು. “ನಾಲ್ಕಕ್ಕೆ ಯಾರು ಬರ್ತಾರೆ ಮೇಷ್ಟ್ರೇ? ತಗಡಿನ ಕೆಳಗೆ ಕೂತ್ರೆ ತಲೆಗೆ ಭಾಷಣ ಹತ್ತಲ್ಲ, ಬಿಸಿಲು ಹತ್ತುತ್ತೆ” ಎಂದು ಹಮಾಲರ ಪೈಕಿ ಹಿರಿಯರೊಬ್ಬರು ಹೇಳಿದರು. ಸರಿಯೆಂದು ಹೊತ್ತು ಬದಲಾಯಿಸಿದೆವು. ಅದಕ್ಕೆ ಯಾವ ಮಂತ್ರಿಯ ಅಪ್ಪಣೆಯೂ ಬೇಕಾಗಲಿಲ್ಲ. ಆದರೆ ಅದೇ ಹಿರಿಯರು ನಾಳೆ ಮಧ್ಯಾಹ್ನ ಒಂದು ಗಂಟೆಗೆ ಲಾರಿಯಿಂದ ಮೆಕ್ಕೆಜೋಳದ ಚೀಲ ಇಳಿಸಬೇಕು. ಆ ಹೊತ್ತನ್ನು ಬದಲಾಯಿಸುವ ಅಧಿಕಾರ ಅವರ ಕೈಯಲ್ಲಿಲ್ಲ. ಇವತ್ತು ನಾನು ಆಡಲಿರುವ ಮಾತೆಲ್ಲವೂ ಈ ಒಂದು ಸಂಗತಿಯ ಸುತ್ತಲಿನದು.

ಹವಾಗುಣ ಬದಲಾಗುತ್ತಿದೆ ಎಂದು ನಿಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆ ಭೂಮಿಗೆ ಕಂಬಳಿ ಹೊದಿಸಿದಂತೆ ಕೂತಿದೆ, ಒಳಗಿನ ಕಾವು ಹೊರಗೆ ಹೋಗುತ್ತಿಲ್ಲ. 1901ರಿಂದ ಲೆಕ್ಕ ಇಟ್ಟಿರುವ ನಮ್ಮ ಹವಾಮಾನ ಇಲಾಖೆಯ ಪ್ರಕಾರ 2024 ಭಾರತದಲ್ಲಿ ಅಲ್ಲಿಯವರೆಗಿನ ಎಲ್ಲಕ್ಕಿಂತ ಬಿಸಿಯಾದ ವರ್ಷ. ಈ ಹೊಗೆಯ ಬಹುಪಾಲನ್ನು ನೂರಾರು ವರ್ಷ ಬಿಟ್ಟವರು ಶ್ರೀಮಂತ ದೇಶದವರು. 2024ರಲ್ಲಿ ಬಾಕು ನಗರದಲ್ಲಿ ಸೇರಿದ ಸಮ್ಮೇಳನದಲ್ಲಿ ಅವರು 2035ರ ಹೊತ್ತಿಗೆ ಬಡ ದೇಶಗಳಿಗೆ ವರ್ಷಕ್ಕೆ 300 ಶತಕೋಟಿ ಡಾಲರ್ ಒದಗಿಸುವ ಮಾತು ಕೊಟ್ಟಾಗ ನಮ್ಮ ಸರ್ಕಾರದ ಪ್ರತಿನಿಧಿಗಳು ಎದ್ದು ನಿಂತು ಇದು ತೀರ ಕಡಿಮೆ ಎಂದು ಪ್ರತಿಭಟಿಸಿದರು. ಪ್ರತಿಭಟಿಸಿದ್ದು ನ್ಯಾಯವೇ. ಆದರೆ ಹೊರಗಿನ ಧಣಿಯ ಬಳಿ ಕೇಳಿದ ಅದೇ ನ್ಯಾಯವನ್ನು ಮನೆಯೊಳಗಿನ ಆಳು ಕೇಳಿದರೆ ಏನು ಉತ್ತರ? ಇದೇ ನನ್ನ ಪ್ರಶ್ನೆ.

ಹೊಂದಾಣಿಕೆ ಎಂಬ ಮಾತು

ಸರ್ಕಾರಗಳು ಈಗ ಎರಡು ಬಗೆಯ ಕೆಲಸದ ಮಾತಾಡುತ್ತವೆ. ಒಂದು, ಹೊಗೆ ಕಡಿಮೆ ಮಾಡುವುದು. ಇನ್ನೊಂದು, ಈಗಾಗಲೇ ಬಂದಿರುವ ಬಿಸಿಲು, ಬರ, ನೆರೆಗಳ ನಡುವೆ ಜನ ಬದುಕುವಂತೆ ಏರ್ಪಾಡು ಮಾಡುವುದು. ಈ ಎರಡನೆಯದಕ್ಕೆ ಕಾಗದದಲ್ಲಿ ‘ಹೊಂದಾಣಿಕೆ’ ಎಂದು ಹೆಸರು.

ಹೊಂದಾಣಿಕೆ ನಮಗೆ ಹೊಸ ಮಾತಲ್ಲ. ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ಐವರು ಕೂರುವಾಗ ಕೇಳುತ್ತೇವೆ. ಸಂಬಳ ಹದಿನೈದು ದಿನ ತಡವಾದಾಗ ಗುಮಾಸ್ತರ ಬಾಯಲ್ಲಿ ಕೇಳುತ್ತೇವೆ. ಹೊಂದಿಕೊಳ್ಳಬೇಕಾದವನು ಯಾವಾಗಲೂ ಕೆಳಗಿರುವವನೇ. ಆದ್ದರಿಂದ ಈ ಮಾತು ಕೇಳಿದ ಕೂಡಲೇ ನಾವು ಕೇಳಬೇಕಾದ್ದು ಇಷ್ಟು: ಯಾರು ಯಾರಿಗೆ ಹೊಂದಿಕೊಳ್ಳಬೇಕು? ಕೆಲಸದ ಹೊತ್ತು ಮನುಷ್ಯನ ಮೈಗೆ ಹೊಂದಿಕೊಳ್ಳಬೇಕೋ, ಮನುಷ್ಯನ ಮೈ ಕೆಲಸದ ಹೊತ್ತಿಗೆ ಹೊಂದಿಕೊಳ್ಳಬೇಕೋ?

ಉದಾಹರಣೆ ದೂರವಿಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಬೇಸಿಗೆಯ ಎರಡು ತಿಂಗಳು ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಇಳಿಸಿ ಆಜ್ಞೆ ಹೊರಡಿಸುವ ಪದ್ಧತಿ ಬಹು ಕಾಲದಿಂದ ಇದೆ. ಬಹಳ ಒಳ್ಳೆಯ ಪದ್ಧತಿ. ಅದನ್ನು ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ಆದರೆ ಫ್ಯಾನಿನ ಕೆಳಗೆ ಕೂತು ಫೈಲು ನೋಡುವವರಿಗೆ ಮಧ್ಯಾಹ್ನ ಎರಡರ ಬಿಸಿಲು ಆಗದು ಎಂದು ಒಪ್ಪಿದ ಸರ್ಕಾರ, ಅದೇ ಎರಡು ಗಂಟೆಗೆ ಆ ಕಚೇರಿಯ ಕಾಂಪೌಂಡಿಗೆ ಗೋಡೆ ಕಟ್ಟುತ್ತಿರುವ ಕೂಲಿಯವನ ವಿಷಯದಲ್ಲಿ ಏಕೆ ಸುಮ್ಮನಿರುತ್ತದೆ?

ಎಂಟು ಅಭಿಯಾನಗಳು, ಒಂದು ಮರೆವು

ಈಗ ದೆಹಲಿಯ ಯೋಜನೆಗೆ ಬರೋಣ. 2008ರ ಜೂನ್ 30ರಂದು ಆಗಿನ ಪ್ರಧಾನಿ ಮನಮೋಹನ ಸಿಂಗರು ಹವಾಗುಣ ಬದಲಾವಣೆಯ ರಾಷ್ಟ್ರೀಯ ಕಾರ್ಯಯೋಜನೆಯನ್ನು ಹೊರತಂದರು. ಅದರಲ್ಲಿ ಎಂಟು ಅಭಿಯಾನಗಳು: ಸೌರಶಕ್ತಿ, ಇಂಧನ ಮಿತವ್ಯಯ, ನಗರ ವಸತಿ, ನೀರು, ಹಿಮಾಲಯ, ಹಸಿರು ಭಾರತ, ಬೇಸಾಯ, ಜ್ಞಾನಸಂಗ್ರಹ. ಮುಂದೆ ರಾಜ್ಯಗಳೂ ತಮ್ಮ ತಮ್ಮ ಯೋಜನೆ ಬರೆದವು. ನಮ್ಮ ಕರ್ನಾಟಕವೂ ಬರೆಯಿತು.

ಎಂಟನ್ನೂ ಮತ್ತೊಮ್ಮೆ ಎಣಿಸಿ. ಬೇಸಾಯವಿದೆ, ಬೆಟ್ಟವಿದೆ, ಕಾಡಿದೆ. ಬಿಸಿಲಿನಲ್ಲಿ, ಬಾಯ್ಲರಿನ ಪಕ್ಕದಲ್ಲಿ, ಭಟ್ಟಿಯ ಮುಂದೆ ನಿಂತು ದುಡಿಯುವವನ ಹೆಸರಿನಲ್ಲಿ ಒಂದು ಅಭಿಯಾನವಿಲ್ಲ. ಜನರ ಆರೋಗ್ಯಕ್ಕೂ ಹವಾಗುಣಕ್ಕೂ ಸಂಬಂಧಿಸಿದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 2019ರಲ್ಲಿ, ಹನ್ನೊಂದು ವರ್ಷ ಕಳೆದ ಮೇಲೆ.

ಹಣದ ಮಾತು ಕೇಳಿ. ಹೊಂದಾಣಿಕೆಗೆಂದೇ ರಾಷ್ಟ್ರೀಯ ನಿಧಿ ಹುಟ್ಟಿದ್ದು 2015ರಲ್ಲಿ. ಮೊದಲ ಎರಡು ವರ್ಷಕ್ಕೆ 350 ಕೋಟಿ ರೂಪಾಯಿ. ಆ ನಿಧಿಯಿಂದ 27 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಮಂಜೂರಾದ 30 ಯೋಜನೆಗಳ ಒಟ್ಟು ಮೊತ್ತ ಸುಮಾರು 847 ಕೋಟಿ. ವರ್ತಕ ಬಂಧುಗಳೇ, ನೀವು ಬಾಯಿಲೆಕ್ಕದಲ್ಲಿ ಗಟ್ಟಿಗರು. 847 ಕೋಟಿಯನ್ನು 140 ಕೋಟಿ ಜನಕ್ಕೆ ಹಂಚಿ. ತಲೆಗೆ ಆರು ರೂಪಾಯಿ. ಅದೂ ವರ್ಷಕ್ಕಲ್ಲ, ಅಷ್ಟೂ ವರ್ಷಕ್ಕೆ ಸೇರಿ. ಇವತ್ತಿನ ಪೇಟೆಯಲ್ಲಿ ಆರು ರೂಪಾಯಿಗೆ ಒಂದು ಲೋಟ ಚಹಾ ಸಿಗದು.

1963ರಲ್ಲಿ ರಾಮಮನೋಹರ ಲೋಹಿಯಾ ಲೋಕಸಭೆಯಲ್ಲಿ ಎದ್ದು ನಿಂತು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದಾಗ ಸರ್ಕಾರ ಹದಿನೈದಾಣೆಯ ಲೆಕ್ಕ ತೋರಿಸಿತು. ಇವತ್ತು ನಮ್ಮ ಆರು ರೂಪಾಯಿಯ ಲೆಕ್ಕಕ್ಕೂ ಸರ್ಕಾರದ ಬಳಿ ಉತ್ತರವಿದೆ. ಅದನ್ನು ಮುಚ್ಚಿಟ್ಟರೆ ನಾನು ನಿಮಗೆ ಮೋಸ ಮಾಡಿದಂತಾಗುತ್ತದೆ. 2023ರ ಡಿಸೆಂಬರಿನಲ್ಲಿ ನಮ್ಮ ಸರ್ಕಾರ ವಿಶ್ವಸಂಸ್ಥೆಗೆ ಕಳಿಸಿದ ವರದಿಯಲ್ಲಿ, 2021–22ರಲ್ಲಿ ಹೊಂದಾಣಿಕೆಗೆ ಸಂಬಂಧಿಸಿದ ಖರ್ಚು ರಾಷ್ಟ್ರೀಯ ಉತ್ಪನ್ನದ ಶೇಕಡ 5.6ರಷ್ಟು ಎಂದು ಹೇಳಿದೆ. ಅಂದರೆ ಸುಮಾರು 13 ಲಕ್ಷ ಕೋಟಿ ರೂಪಾಯಿ.

ಒಂದು ಕಡೆ 847 ಕೋಟಿ, ಇನ್ನೊಂದು ಕಡೆ 13 ಲಕ್ಷ ಕೋಟಿ. ಎರಡೂ ಹೇಗೆ ನಿಜ? ಗುಟ್ಟು ಇಷ್ಟೇ. ನೀರಾವರಿ, ಆರೋಗ್ಯ, ಬೇಸಾಯ, ಬಡತನ ನಿವಾರಣೆ ಎಂದು ಮೊದಲಿನಿಂದ ನಡೆದು ಬಂದ ಖರ್ಚುಗಳೂ ಆ ದೊಡ್ಡ ಲೆಕ್ಕದೊಳಗೆ ಸೇರುತ್ತವೆ. ಅವು ಜನರಿಗೆ ಆಸರೆಯಲ್ಲವೆಂದು ನಾನು ಹೇಳುತ್ತಿಲ್ಲ. ಕಾಲುವೆಗೆ ನೀರು ಬಂದರೆ ಬರದ ವರ್ಷ ರೈತ ಉಳಿಯುತ್ತಾನೆ. ಆದರೆ ಅಂಗಡಿಯವರು ಒಂದು ಮಾತು ಒಪ್ಪುತ್ತೀರಿ: ಅಕ್ಕಿ, ಬೇಳೆ, ಬೆಲ್ಲ ಎಲ್ಲವನ್ನೂ ‘ಸಾಮಾನು’ ಎಂಬ ಒಂದೇ ಖಾತೆಯಲ್ಲಿ ಬರೆದವನಿಗೆ ಯಾವ ಡಬ್ಬಿ ಖಾಲಿಯೆಂದು ಗೊತ್ತಾಗುವುದಿಲ್ಲ. ಎಲ್ಲವೂ ಹೊಂದಾಣಿಕೆಯೇ ಆದಾಗ, ಬೇಗೆಗೆ ಬಿದ್ದ ಹಮಾಲನಿಗೆಂದು ಎಷ್ಟು ಇಟ್ಟಿದ್ದೀರಿ ಎಂದು ಕೇಳಲು ನಮಗೆ ಪುಟವೇ ಸಿಗುವುದಿಲ್ಲ.

ಚಳಿ ಪಟ್ಟಿಯಲ್ಲಿದೆ, ಬಿಸಿಲು ಪಟ್ಟಿಯಲ್ಲಿರಲಿಲ್ಲ

ಇಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳಬೇಕು. ನಾನು ಶಾಲೆಯಲ್ಲಿ ಮೇಷ್ಟರಾಗಿದ್ದ ಕಾಲ. ನನ್ನ ತರಗತಿಯ ಹುಡುಗನೊಬ್ಬನ ತಂದೆ ಹಮಾಲಿ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಚೀಲ ಹೊತ್ತು ಮೂರು ಮೆಟ್ಟಿಲು ಹತ್ತಿದವರು ನಾಲ್ಕನೆಯದಕ್ಕೆ ಕಾಲಿಡಲಿಲ್ಲ. ಮೈ ಮುಟ್ಟಿದರೆ ಕಾದ ಹಂಚು, ಬೆವರೇ ಇಲ್ಲ ಎಂದು ಜೊತೆಯವರು ಹೇಳಿದರು. ಆಸ್ಪತ್ರೆಯ ಕಾಗದದಲ್ಲಿ ‘ಹೃದಯ ಸ್ತಂಭನ’ ಎಂದು ಬರೆದರು. ಯಾರ ಹೃದಯ ಸ್ತಂಭಿಸದೆ ಸಾವು ಬಂದಿದೆ? ಹುಡುಗನ ತಾಯಿಯ ಪರವಾಗಿ ಪರಿಹಾರದ ಅರ್ಜಿ ಬರೆದುಕೊಟ್ಟವನು ನಾನು. ಕಚೇರಿಯ ಗುಮಾಸ್ತರು ಕೆಟ್ಟವರೇನಲ್ಲ. ಅವರು ಒಂದು ಪಟ್ಟಿ ತೆಗೆದು ತೋರಿಸಿದರು. “ನೋಡಿ ಮೇಷ್ಟ್ರೇ, ಸಿಡಿಲು ಹೊಡೆದಿದ್ರೆ ಬೇರೆ ಮಾತು, ಹೊಳೆ ಕೊಚ್ಚಿದ್ರೆ ಬೇರೆ ಮಾತು. ಬಿಸಿಲಿಗೆ ಇಲ್ಲಿ ಕಾಲಮ್ಮೇ ಇಲ್ಲ” ಎಂದರು. ಆ ಹುಡುಗ ಮರು ವರ್ಷ ಶಾಲೆಗೆ ಬರಲಿಲ್ಲ. ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ.

ಆ ಪಟ್ಟಿ ಯಾವುದೆಂದು ಆಮೇಲೆ ಓದಿ ತಿಳಿದೆ. ವಿಪತ್ತು ಪರಿಹಾರ ನಿಧಿಯಿಂದ ಹಣ ಕೊಡಲು ಕೇಂದ್ರ ಸರ್ಕಾರ ಹನ್ನೆರಡು ವಿಪತ್ತುಗಳನ್ನು ಹೆಸರಿಸಿತ್ತು: ಚಂಡಮಾರುತ, ಬರ, ಭೂಕಂಪ, ಬೆಂಕಿ, ನೆರೆ, ಸುನಾಮಿ, ಆಲಿಕಲ್ಲು, ಭೂಕುಸಿತ, ಹಿಮಪಾತ, ಮೇಘಸ್ಫೋಟ, ಕೀಟಬಾಧೆ, ಕೊನೆಗೆ ಹಿಮ ಮತ್ತು ಚಳಿಗಾಳಿ. ಚಳಿಗಾಳಿ ಉಂಟು, ಬಿಸಿಗಾಳಿ ಇಲ್ಲ! ಸಿಡಿಲು ಸಹ ಆ ಹನ್ನೆರಡರಲ್ಲಿಲ್ಲ, ಅದಕ್ಕೂ ರಾಜ್ಯಗಳೇ ದಾರಿ ನೋಡಿಕೊಳ್ಳಬೇಕಿತ್ತು. ಪಟ್ಟಿ ಹಿಗ್ಗಿಸಿ ಎಂದು ರಾಜ್ಯಗಳು ಕೇಳಿದವು. 2021ರಿಂದ 2026ರ ಅವಧಿಗೆ ಹಣ ಹಂಚಿದ 15ನೆಯ ಹಣಕಾಸು ಆಯೋಗ, ಇರುವ ಪಟ್ಟಿಯೇ ಬಹುಮಟ್ಟಿಗೆ ಸಾಕು ಎಂದಿತು. ಬೇಕಾದರೆ ರಾಜ್ಯ ಸರ್ಕಾರ ತನ್ನ ವಿಪತ್ತು ನಿಧಿಯ ಹತ್ತನೆಯ ಒಂದು ಪಾಲನ್ನು ಮೀರದಂತೆ ತನಗೆ ತೋಚಿದ ಸ್ಥಳೀಯ ವಿಪತ್ತಿಗೆ ಬಳಸಬಹುದು ಎಂಬ ಕಿಂಡಿಯೊಂದು ಮಾತ್ರ ಇತ್ತು. ಆ ಕಿಂಡಿಯಿಂದಲೇ ಒಡಿಶಾ 2015ರಲ್ಲಿ, ತಮಿಳುನಾಡು 2024ರಲ್ಲಿ ಬಿಸಿಗಾಳಿಯನ್ನು ತಮ್ಮ ರಾಜ್ಯದ ವಿಪತ್ತೆಂದು ಸಾರಿದವು. ತಮಿಳುನಾಡು ಸತ್ತವರ ಕುಟುಂಬಕ್ಕೆ 4 ಲಕ್ಷ ರೂಪಾಯಿ ಗೊತ್ತುಮಾಡಿತು.

ಪಟ್ಟಿಯಲ್ಲಿರುವ ವಿಪತ್ತಿನ ಪಾಡೂ ಸುಖವಾಗಿಲ್ಲ. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ರಾಜ್ಯ ಸರ್ಕಾರ ಕೇಂದ್ರದ ಬಳಿ 18,171 ಕೋಟಿ ಕೇಳಿತು. ತಿಂಗಳುಗಟ್ಟಲೆ ಕಾದು, 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಏಪ್ರಿಲ್ ಕೊನೆಗೆ ಕೈಗೆ ಬಂದದ್ದು ಸುಮಾರು 3,454 ಕೋಟಿ. ಆ ವರ್ಷ ಹಳ್ಳಿಯಿಂದ ಗಿರಾಕಿ ಬಾರದೆ ನಿಮ್ಮ ಬಟ್ಟೆ ಅಂಗಡಿ, ಕಿರಾಣಿ ಅಂಗಡಿಗಳ ಗಲ್ಲಾ ಹೇಗಿತ್ತೆಂದು ನಿಮಗೆ ನೆನಪಿದೆ. ರೈತನ ಜೇಬು ಒಣಗಿದರೆ ಪೇಟೆ ಒಣಗುತ್ತದೆ. ಬರ ಹೊಲದಲ್ಲಿ ಬಿದ್ದರೂ ಸಾಲ ಪೇಟೆಯಲ್ಲಿ ಬೆಳೆಯುತ್ತದೆ.

ಕೊಳಗದ ಕಥೆ

ಬೇಗೆಯನ್ನು ಅಳೆಯುವುದು ಹೇಗೆಂದು ನೋಡಿ. ಬಯಲುನಾಡಿನಲ್ಲಿ ಉಷ್ಣಮಾನ 40 ಡಿಗ್ರಿ ಮುಟ್ಟಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು, ಇಲ್ಲವೇ ನೇರವಾಗಿ 45 ಮುಟ್ಟಬೇಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಆಗ ಅದು ಬಿಸಿಗಾಳಿ. ಮೂವತ್ತೊಂಬತ್ತೂವರೆ ಡಿಗ್ರಿ ಹದಿನೈದು ದಿನ ಎಡೆಬಿಡದೆ ಇದ್ದರೂ ಅದಕ್ಕೆ ಆ ಹೆಸರಿಲ್ಲ.

ಇದು ಗಾಳಿಯಾಡುವ ಬಯಲಿನ ನೆರಳಿನಲ್ಲಿಟ್ಟ ಮಾಪಕದ ಮಾತು. ಅಕ್ಕಿ ಗಿರಣಿಯ ಬಾಯ್ಲರಿನ ಪಕ್ಕದಲ್ಲಿ ಎಷ್ಟಿರುತ್ತದೆ? ನಮ್ಮೂರಿನ ಮಂಡಕ್ಕಿ ಭಟ್ಟಿಯಲ್ಲಿ ಮರಳು ಕಾಯಿಸಿ ಅಕ್ಕಿ ಹುರಿಯುವವರ ಮುಖದ ಮುಂದೆ ಎಷ್ಟಿರುತ್ತದೆ? ಯಾರೂ ಅಳೆದಿಲ್ಲ. ಅಳೆಯದ ಬೇಗೆ ಸರ್ಕಾರದ ಕಣ್ಣಿಗೆ ಬೇಗೆಯೇ ಅಲ್ಲ.

ಇನ್ನೊಂದು ವಿಷಯ. ಮೈಯ ಕಾವು ಇಳಿಯುವುದು ಬೆವರು ಆರುವುದರಿಂದ. ಗಾಳಿಯಲ್ಲಿ ನೀರಿನ ಪಸೆ ತುಂಬಿದ್ದರೆ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ, ಕಾವು ಒಳಗೇ ಉಳಿಯುತ್ತದೆ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಈ ಊರಿಗೆ ಹೆಸರಿದ್ದ ಕಾಲದಲ್ಲಿ ಹತ್ತಿ ಗಿರಣಿಗಳಲ್ಲಿ ದುಡಿದ ಹಿರಿಯರು ಇಲ್ಲಿ ಕೂತಿದ್ದೀರಿ. ಎಳೆ ಹರಿಯದಂತೆ ನೂಲುವ ಖಾತೆಯ ಗಾಳಿಗೆ ತೇವ ಬಿಡುತ್ತಿದ್ದರು. ಗೋಡೆಗೆ ಜೋಡಿ ಮಾಪಕ ತೂಗುಹಾಕಿರುತ್ತಿದ್ದರು. ಒಂದು ಒಣದು, ಇನ್ನೊಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿದ್ದು. ಕಾವನ್ನೂ ತೇವವನ್ನೂ ಒಟ್ಟಿಗೆ ಅಳೆಯುವ ಉಪಾಯ ಅದು. ಈಗ ಪಂಡಿತರು ಮನುಷ್ಯನ ಮೈ ತಡೆಯುವ ಮಿತಿಯನ್ನು ಹೇಳುವುದೂ ಆ ಒದ್ದೆ ಬಟ್ಟೆಯ ಮಾಪಕದಿಂದಲೇ. ಅಂದರೆ ಅಳತೆಯ ವಿದ್ಯೆ ಹೊಸದಲ್ಲ, ದುಬಾರಿಯೂ ಅಲ್ಲ. ಅದು ಯಾರ ಸಲುವಾಗಿ, ಯಾರ ಕೈಯಲ್ಲಿರಬೇಕು ಎಂಬುದಷ್ಟೇ ಪ್ರಶ್ನೆ.

ಅಳತೆಯ ಪ್ರಶ್ನೆ ನಮ್ಮ ಚಳವಳಿಗೆ ಹಳೆಯ ಪ್ರಶ್ನೆ. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಯಾತಕ್ಕೆ? ಗೇಣಿ ಅಳೆಯುವ ಕೊಳಗ ಒಡೆಯನ ಮನೆಯದು, ನ್ಯಾಯದ ಕೊಳಗಕ್ಕಿಂತ ದೊಡ್ಡದು. ಬೆಳೆದವನ ಬೆವರು ಆ ಹೆಚ್ಚಿನ ಅಳತೆಯಲ್ಲಿ ಹೋಗುತ್ತಿತ್ತು. ಲೋಹಿಯಾ ಅಲ್ಲಿಗೆ ಬಂದು ದಸ್ತಗಿರಿಯಾದರು. ಆಗ ಕೊಳಗ ದೊಡ್ಡದಾಗಿತ್ತೆಂಬುದು ತಕರಾರು. ಈಗ ನಮ್ಮ ಬೇಗೆಯನ್ನು ಅಳೆಯಲು ಕೊಳಗವನ್ನೇ ತರುವುದಿಲ್ಲವೆಂಬುದು ತಕರಾರು.

ಮಾಡಬಹುದೆಂಬುದಕ್ಕೆ ಸಾಕ್ಷಿ

ಇದೆಲ್ಲ ದೈವೇಚ್ಛೆ, ಯಾರೇನು ಮಾಡಲಾದೀತು ಎನ್ನುವವರಿಗೆ ಎರಡು ಊರುಗಳ ಮಾತು ಹೇಳುತ್ತೇನೆ.

ಅಹಮದಾಬಾದು ನಮ್ಮಂತೆಯೇ ಗಿರಣಿಗಳ ಊರು, ನಮಗಿಂತ ಬಹಳ ದೊಡ್ಡದು. 2010ರ ಮೇ ತಿಂಗಳಲ್ಲಿ ಅಲ್ಲಿ 46.8 ಡಿಗ್ರಿ ಮುಟ್ಟಿತು. ವಾಡಿಕೆಗಿಂತ 1,344 ಹೆಚ್ಚು ಸಾವುಗಳು ಆ ಒಂದೇ ತಿಂಗಳಲ್ಲಿ ಆದವೆಂದು ಆಮೇಲೆ ಲೆಕ್ಕ ಹಾಕಿದರು. ಊರಿನ ಕಾರ್ಪೊರೇಷನ್ 2013ರಲ್ಲಿ ಬೇಗೆಯ ಕಾರ್ಯಯೋಜನೆ ತಂದಿತು. ದಕ್ಷಿಣ ಏಷ್ಯಾದಲ್ಲೇ ಅಂಥದ್ದು ಮೊದಲನೆಯದು. ಅದರಲ್ಲಿ ಮಾಯಮಂತ್ರವೇನೂ ಇಲ್ಲ. ಮುಂಚಿತವಾಗಿ ಎಚ್ಚರಿಕೆ, ಬೀದಿಬೀದಿಗೆ ಕುಡಿಯುವ ನೀರು, ನೆರಳಿಗೆ ತೆರೆದ ಉದ್ಯಾನಗಳು, ಬೇಗೆ ಬಡಿದವರನ್ನು ಗುರುತಿಸುವಂತೆ ವೈದ್ಯರಿಗೂ ದಾದಿಯರಿಗೂ ತರಬೇತಿ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, 2014 ಮತ್ತು 2015ರಲ್ಲಿ ಇದರಿಂದ ವರ್ಷಕ್ಕೆ ಸರಾಸರಿ 1,190 ಸಾವು ತಪ್ಪಿದವೆಂದು ಅಂದಾಜು ಮಾಡಿತು.

ಒಡಿಶಾದಲ್ಲಿ 1998ರ ಬೇಗೆಗೆ 2,042 ಜನ ಸತ್ತರು. ಮರು ವರ್ಷ ಮಹಾಚಂಡಮಾರುತಕ್ಕೆ ಸುಮಾರು 10,000 ಜನ. ಆ ರಾಜ್ಯ ಅಷ್ಟಕ್ಕೆ ಬುದ್ಧಿ ಕಲಿತಿತು. ಎಚ್ಚರಿಕೆ, ಆಶ್ರಯ ಕಟ್ಟಡ, ಹಳ್ಳಿಹಳ್ಳಿಗೆ ಹೊಣೆಗಾರರು ಎಂದು ವ್ಯವಸ್ಥೆ ಕಟ್ಟಿತು. 2019ರಲ್ಲಿ ಫನಿ ಚಂಡಮಾರುತ ಬಂದಾಗ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಸಾಗಿಸಿದರು. ಸತ್ತವರು 64. ಅರವತ್ನಾಲ್ಕೂ ದುಃಖವೇ. ಆದರೆ ಹತ್ತು ಸಾವಿರಕ್ಕೂ ಅರವತ್ನಾಲ್ಕಕ್ಕೂ ನಡುವಿನ ಅಂತರ ದೇವರು ಕೊಟ್ಟದ್ದಲ್ಲ, ಆಡಳಿತ ಕೊಟ್ಟದ್ದು.

ಹಾಗಾದರೆ ದೇಶದ ಮಿಕ್ಕ ಊರುಗಳ ಬೇಗೆಯ ಯೋಜನೆಗಳು? ದೆಹಲಿಯ ನೀತಿ ಸಂಶೋಧನಾ ಕೇಂದ್ರ 2023ರಲ್ಲಿ 18 ರಾಜ್ಯಗಳ 37 ಯೋಜನೆಗಳನ್ನು ಓದಿ ನೋಡಿತು. ಯಾರಿಗೆ ಅಪಾಯ ಹೆಚ್ಚೆಂದು ಸರಿಯಾಗಿ ಲೆಕ್ಕ ಹಾಕಿದ್ದು ಎರಡೇ ಎರಡು. ಹಣ ಎಲ್ಲಿಂದ ಬರಬೇಕೆಂಬ ಮಾತೆತ್ತಿದ್ದು ಹನ್ನೊಂದು, ಅದರಲ್ಲೂ ಎಂಟು ‘ಆಯಾ ಇಲಾಖೆಯೇ ಹೊಂದಿಸಿಕೊಳ್ಳಲಿ’ ಎಂದವು. ಕಾಯಿದೆಯ ಬಲ ತೋರಿಸಿದ್ದು ಒಂದೂ ಇಲ್ಲ. ನೋಡಿ, ಅಲ್ಲಿಯೂ ಹೊಂದಾಣಿಕೆ!

ಬಂಧುಗಳೇ, ಯೋಜನೆಗೆ ಮೂರು ಕಾಲು ಬೇಕು: ಹಣ, ಹಕ್ಕು, ಹೊಣೆ. ಎಷ್ಟು ಹಣ ಎಂದು ಬರೆದಿರಬೇಕು. ಸಿಗದಿದ್ದರೆ ಕೇಳುವ ಹಕ್ಕು ನಮಗಿರಬೇಕು. ಮಾಡದಿದ್ದರೆ ಉತ್ತರ ಹೇಳುವ ಅಧಿಕಾರಿಯ ಹುದ್ದೆ ಗೊತ್ತಿರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಅದು ಯೋಜನೆಯಲ್ಲ, ಪ್ರಬಂಧ. ಮೇಷ್ಟರಾಗಿ ನಾನು ಬಹಳ ಪ್ರಬಂಧ ತಿದ್ದಿದ್ದೇನೆ. ಅಂಥದ್ದಕ್ಕೆ ಪಾಸು ಅಂಕ ಕೊಡುವುದಕ್ಕೂ ಮನಸ್ಸು ಬಾರದು.

2024ರಲ್ಲಿ ಸುಪ್ರೀಂ ಕೋರ್ಟು, ಹವಾಗುಣ ಬದಲಾವಣೆಯ ಕೆಡುಕಿನಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೆಯ ವಿಧಿಗಳಡಿ ಪ್ರಜೆಯ ಹಕ್ಕು ಎಂದು ತೀರ್ಪಿನಲ್ಲಿ ಹೇಳಿತು. ಹಕ್ಕಿನ ಬೀಜ ಬಿದ್ದಿದೆ. ಆದರೆ ಕಾರ್ಖಾನೆಯ ಗೇಟಿನೊಳಗೆ ಅದು ಮೊಳೆಯಬೇಕಾದರೆ ನಿಯಮ ಬೇಕು. 1948ರ ಕಾರ್ಖಾನೆ ಕಾಯಿದೆಯ 13ನೆಯ ಕಲಮು ಗಾಳಿ, ಉಷ್ಣಮಾನಗಳ ಬಗ್ಗೆಯೇ ಇತ್ತು. 250ಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಬೇಸಿಗೆಯಲ್ಲಿ ತಣ್ಣೀರು ಕೊಡಬೇಕೆಂದೂ ಅದರಲ್ಲಿತ್ತು. ಆ ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಂದು ಹೊಸ ಸಂಹಿತೆ ಜಾರಿಗೆ ಬಂತು. ಹಿಂದೆ ವಿದ್ಯುತ್ತಿನಿಂದ ನಡೆಯುವ ಕಡೆ ಹತ್ತು ಜನರಿದ್ದರೆ ಕಾರ್ಖಾನೆ ಎನಿಸುತ್ತಿತ್ತು. ಈಗ ಇಪ್ಪತ್ತು ಜನರಿರಬೇಕು. ಹಳೆಯದಾಗಲಿ ಹೊಸದಾಗಲಿ, ಇಷ್ಟು ಡಿಗ್ರಿ ದಾಟಿದರೆ ಕೆಲಸ ನಿಲ್ಲಿಸಬೇಕೆಂಬ ಅಂಕೆ ಕಾಯಿದೆಯ ಒಡಲಲ್ಲಿಲ್ಲ. ಅದನ್ನು ನಿಯಮ ಬರೆಯುವವರ ಕೈಗೆ ಬಿಟ್ಟಿದೆ. ನಾವು ಸುಮ್ಮನಿದ್ದರೆ ಆ ನಿಯಮವನ್ನು ಯಾರು, ಯಾರಿಗೆ ಬೇಕಾದಂತೆ ಬರೆಸಿಕೊಳ್ಳುತ್ತಾರೆಂದು ನಿಮಗೆ ಹೇಳಬೇಕಾಗಿಲ್ಲ.

ನಮ್ಮ ತಪ್ಪೂ ಇದೆ

ಮಧ್ಯಾಹ್ನ ಕೆಲಸ ನಿಲ್ಲಿಸಿದರೆ ಉತ್ಪಾದನೆ ಬಿದ್ದುಹೋಗುತ್ತದೆ ಎನ್ನುತ್ತಾರೆ ಮಾಲೀಕರು. ಉತ್ಪಾದನೆ ಈಗಲೇ ಬೀಳುತ್ತಿದೆ. 1995ರಲ್ಲಿ ಬೇಗೆಯಿಂದಾಗಿ ಭಾರತ ತನ್ನ ದುಡಿಮೆಯ ವೇಳೆಯಲ್ಲಿ ಶೇಕಡ 4.3ರಷ್ಟು ಕಳೆದುಕೊಂಡಿತು, 2030ಕ್ಕೆ ಅದು ಶೇಕಡ 5.8 ಆದೀತು, ಅಂದರೆ 3 ಕೋಟಿ 40 ಲಕ್ಷ ಜನರ ಪೂರ್ತಿ ದುಡಿಮೆಗೆ ಸಮ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಲೆಕ್ಕ ಕೊಟ್ಟಿದೆ. ಕೆಲಸ ನಿಲ್ಲಿಸಿ ಎಂದು ನಾವು ಕೇಳುತ್ತಿಲ್ಲ, ಹೊತ್ತು ಬದಲಿಸಿ ಎನ್ನುತ್ತಿದ್ದೇವೆ. ಕೇರಳದಲ್ಲಿ ಬೇಸಿಗೆ ಬಂತೆಂದರೆ ಬಿಸಿಲಲ್ಲಿ ದುಡಿಯುವವರಿಗೆ ಹನ್ನೆರಡರಿಂದ ಮೂರರವರೆಗೆ ಬಿಡುವು ಕೊಡಬೇಕೆಂದು ಕಾರ್ಮಿಕ ಆಯುಕ್ತರು ಆಜ್ಞೆ ಹೊರಡಿಸುತ್ತ ಬಂದಿದ್ದಾರೆ. ಅದರಿಂದ ಕೇರಳದಲ್ಲಿ ಮನೆ ಕಟ್ಟುವುದು ನಿಂತಿಲ್ಲ.

ಆದರೆ ಬೆರಳು ಬರೀ ಮಾಲೀಕರ ಕಡೆ, ದೆಹಲಿಯ ಕಡೆ ತೋರಿಸಿದರೆ ಸಾಲದು. ನಮ್ಮ ಸಂಘಗಳು ಇಷ್ಟು ವರ್ಷ ಬರೆದ ಬೇಡಿಕೆ ಪಟ್ಟಿಗಳನ್ನು ನಾನು ತಿರುವಿ ನೋಡಿದೆ. ತುಟ್ಟಿಭತ್ಯೆ ಇದೆ, ಬೋನಸ್ ಇದೆ, ರಜೆ ಇದೆ. ಬೇಗೆ ಇಲ್ಲ. ಬೆವರು ಸುರಿಸುವುದು ನಮ್ಮ ಹಣೆಬರಹ ಎಂದು ನಾವೇ ಒಪ್ಪಿಕೊಂಡುಬಿಟ್ಟಿದ್ದೆವು.

ವರ್ತಕ ಬಂಧುಗಳೇ, ನಿಮಗೂ ಒಂದು ಕಹಿ ಮಾತು. ಹನ್ನೆರಡರಿಂದ ನಾಲ್ಕರವರೆಗೆ ಗಿರಾಕಿ ಇಲ್ಲ, ತರಕಾರಿ ಬಾಡುತ್ತದೆ, ಹೂವು ಒಣಗುತ್ತದೆ, ಕರೆಂಟು ಹೋದರೆ ಹಾಲು ಒಡೆಯುತ್ತದೆ. ನಿಮ್ಮ ನಷ್ಟ ನಿಜ. ಆದರೆ ಚೀಲ ಇಳಿಸಲು ಹಮಾಲಿಯನ್ನು ಕರೆಯುವವರು ನೀವೇ. ತಗಡಿನ ಗೋದಾಮಿನಲ್ಲಿ ಸಂಬಳದ ಹುಡುಗನನ್ನು ಕೂರಿಸುವವರೂ ನೀವೇ. ದೆಹಲಿಯಿಂದ ನಿಯಮ ಬರುವ ಮುನ್ನ ನಿಮ್ಮ ಅಂಗಡಿಯ ಮುಂದೆ ಒಂದು ಮಡಕೆ ನೀರು, ಒಂದು ಚಪ್ಪರ, ಲೋಡು ಇಳಿಸುವ ಹೊತ್ತನ್ನು ಮುಂಜಾನೆಗೆ ತರುವ ಒಂದು ಮಾತು, ಇಷ್ಟು ನಿಮ್ಮಿಂದ ಆಗದೇ?

ಬೇಗೆ ವರ್ಗ ನೋಡಿ ಬರುತ್ತದೆಂದು ನಾವು ಹೇಳುತ್ತೇವೆ, ಅದು ನಿಜ. ಆದರೆ ಅದು ಸರ್ಕಾರದ ನೌಕರನನ್ನೂ ಬಿಡುವುದಿಲ್ಲ. 2024ರ ಜೂನ್ 1ರಂದು, ಲೋಕಸಭಾ ಚುನಾವಣೆಯ ಕೊನೆಯ ದಿನ, ಉತ್ತರ ಪ್ರದೇಶವೊಂದರಲ್ಲೇ 33 ಮತಗಟ್ಟೆ ಸಿಬ್ಬಂದಿ ಬೇಗೆಗೆ ಬಲಿಯಾದರೆಂದು ಅಲ್ಲಿನ ಚುನಾವಣಾಧಿಕಾರಿಯೇ ತಿಳಿಸಿದರು. ನಾನೂ ಮತಪೆಟ್ಟಿಗೆ ಹೊತ್ತು ಹಳ್ಳಿಗೆ ಹೋದವನು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಪ್ರಜಾಪ್ರಭುತ್ವವನ್ನು ನಡೆಸಿಕೊಡಲು ಹೋದವರನ್ನೇ ಕಾಯದ ಯೋಜನೆ ಇನ್ನಾರನ್ನು ಕಾದೀತು?

ಮುಂದೇನು?

ಕೊನೆಯದಾಗಿ, ಕೇಳಬೇಕಾದ್ದನ್ನು ಸ್ಪಷ್ಟವಾಗಿ ಕೇಳೋಣ.

ಒಂದು: ಬೇಗೆಯ ಸಾವಿಗೆ ಚಳಿಯ ಸಾವಿಗಿರುವ ಹಕ್ಕೇ ಬೇಕು. ರಾಜ್ಯದ ಕಿಂಡಿಯಿಂದ ಬರುವ ದಯೆಯಾಗಿ ಅಲ್ಲ, ರಾಷ್ಟ್ರದ ನಿಧಿಯಿಂದ ಬರುವ ಪಾಲಾಗಿ. ಆಸ್ಪತ್ರೆಯ ಕಾಗದದಲ್ಲಿ ನಿಜವಾದ ಕಾರಣ ಬರೆಯಬೇಕು.

ಎರಡು: ಗಿರಣಿ, ಭಟ್ಟಿ, ಗೋದಾಮುಗಳ ಒಳಗೆ ಕಾವನ್ನೂ ತೇವವನ್ನೂ ಅಳೆದು ಗೋಡೆಯ ಮೇಲೆ ಬರೆಯಬೇಕು. ಎಷ್ಟು ದಾಟಿದರೆ ಬಿಡುವು ಎಂದು ನಿಯಮದಲ್ಲಿ ಅಂಕೆ ಇರಬೇಕು. ಆ ಬಿಡುವಿಗೆ ಕೂಲಿ ಕತ್ತರಿಸಬಾರದು. ಹತ್ತು ಜನರಿಗಿಂತ ಕಡಿಮೆ ದುಡಿಯುವ ಭಟ್ಟಿಗೂ ಅದು ಸಲ್ಲಬೇಕು.

ಮೂರು: ಈ ಊರಿನ ಬೇಗೆಯ ಯೋಜನೆಯಲ್ಲಿ ಎಷ್ಟು ಹಣ, ಯಾವ ಅಧಿಕಾರಿ, ಯಾವ ಬೀದಿಗೆ ನೀರು ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ವಾರ್ಡುವಾರ್ಡಿಗೆ ಹಂಚಬೇಕು.

ನಾಲ್ಕು: ಬೀದಿ ವರ್ತಕರಿಗೆ ನೆರಳು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ಆ ಕುರ್ಚಿಗಳು ನಿಮ್ಮವು. ಅಲ್ಲಿ ಕೂತು ಚಪ್ಪರ, ನೀರು, ಮರ ಕೇಳಿ.

ಇದೆಲ್ಲ ಒಂದೇ ಬೇಸಿಗೆಯಲ್ಲಿ ಆಗುವುದಿಲ್ಲವೆಂದು ನನಗೆ ಗೊತ್ತು. ಆದ್ದರಿಂದ ನಾಳೆಯಿಂದಲೇ ಆಗುವ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಇಲ್ಲಿ ಮೇಜಿನ ಮೇಲೆ ಹತ್ತು ಮಾಪಕಗಳಿವೆ. ಸದಸ್ಯರ ಚಂದಾ ಹಣದಲ್ಲಿ ಕೊಂಡವು. ಜೊತೆಗೆ ಹತ್ತು ನೋಟುಪುಸ್ತಕಗಳಿವೆ, ಗೆರೆ ಎಳೆದು ಸಿದ್ಧ ಮಾಡಿದ್ದೇನೆ. ಗಿರಣಿಗೆ ನಾಲ್ಕು, ಭಟ್ಟಿಗಳಿಗೆ ಮೂರು, ಮಾರುಕಟ್ಟೆಗೆ ಮೂರು. ದಿನಕ್ಕೆ ಮೂರು ಸಲ ನೋಡಿ ಬರೆಯಿರಿ: ತಾರೀಖು, ಹೊತ್ತು, ಕಾವು, ಯಾರಿಗಾದರೂ ತಲೆಸುತ್ತು ಬಂದಿತೇ ಎಂದು. ಬರೆಯಲು ಬಾರದವರು ಮಕ್ಕಳ ಕೈಯಲ್ಲಿ ಬರೆಸಿ. ಮಳೆಗಾಲ ಹಿಡಿಯುವ ಹೊತ್ತಿಗೆ ಆ ಹತ್ತು ಪುಸ್ತಕಗಳನ್ನು ಹೊತ್ತು ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗೋಣ. ಬಿಸಿಲಿಗೆ ಕಾಲಮ್ಮಿಲ್ಲ ಎಂದು ಯಾರೂ ಇನ್ನು ನಮಗೆ ಹೇಳದಿರಲಿ. ಕಾಲಮ್ಮನ್ನು ನಾವೇ ಎಳೆದುಕೊಂಡು ಹೋಗುತ್ತಿದ್ದೇವೆ.

ಸಭೆ ಮುಗಿದ ಮೇಲೆ ಪ್ರತಿ ಜಾಗದಿಂದ ಒಬ್ಬೊಬ್ಬರು ಮುಂದೆ ಬಂದು ಹೆಸರು ಬರೆಸಿ ಮಾಪಕ ತೆಗೆದುಕೊಂಡು ಹೋಗಬೇಕೆಂದು ಕೇಳಿಕೊಳ್ಳುತ್ತೇನೆ.